ಗಾಲಿಯ ಮೇಲಿನ ಸುಣ್ಣದ ಗೀಟು

ಮೆಕ್ಕೆಜೋಳದ ಗಿರಣಿಯ ಅಮಾಂಕ್ವಾ ಊರಿಗೆಲ್ಲ ಸೋದರಮಾವ, ಎಲ್ಲವನ್ನೂ ಸುತ್ತಿನ ಲೆಕ್ಕದಲ್ಲೇ ಅಳೆಯುವವನು: ಅವನ ಪ್ರಕಾರ ಕುಮಾಸಿ ಪಟ್ಟಣದ ಬಸ್ಸಿನ ಚಕ್ರಗಳು ಅತಿಯಾಗಿ ತಿರುಗುತ್ತವೆ, ಪಾದ್ರಿಯ ನಾಲಿಗೆ ಅದಕ್ಕಿಂತ ಹೆಚ್ಚು, ಭೂಮಿಯೊಂದೇ ಮರ್ಯಾದೆಯಾಗಿ ದಿನಕ್ಕೊಂದು ಸುತ್ತು ಹಾಕುತ್ತದೆ. ಬೆಳಗಾದರೆ ಎಂಜಿನ್ನಿನ ಗಾಲಿಗೆ ಸುಣ್ಣದ ಗೀಟೊಂದನ್ನು ಎಳೆದು, ಅದು ಸುತ್ತುಸುತ್ತಿಗೂ ಕಣ್ಣಿಗೆ ಬೀಳುವಷ್ಟೇ ವೇಗ ಕೊಡುತ್ತಾನೆ. ಗೀಟು ಕರಗಿ ಬಳೆಯಂತೆ ಕಂಡಿತೋ, ಓಡಿಹೋಗಿ ವೇಗ ತಗ್ಗಿಸುತ್ತಾನೆ. ಜೋಳದ ಹುಳಿಹಿಟ್ಟಿನ ಕಡುಬು ಕೆಂಕೆಯನ್ನು ಬೇಯಿಸಿ ಮಾರುವ ಹೆಂಗಸರ ಸಾಲು ಬಾಗಿಲಾಚೆಗೂ ಬೆಳೆಯುತ್ತದೆ. "ಏನ್ ಮಾವ, ಇದು ಗಿರಣಿನೋ ಹೆಣದ ಮೆರವಣಿಗೆನೋ? ಪಕ್ಕದೂರಲ್ಲಿ ಇಷ್ಟೊತ್ತಿಗೆ ಕೆಂಕೆ ಬೆಂದೇ ಹೋಗಿರುತ್ತೆ!" ಎಂದು ಸಾಲಿನಲ್ಲಿ ನಿಂತ ಅಬೆನಾ ರೇಗುತ್ತಾಳೆ. "ಹಂಗಾದ್ರೆ ಅಲ್ಲಿಗೇ ಹೋಗವ್ವ. ಇಲ್ಲಿರೋದಾದ್ರೆ ಮೊದ್ಲು ಆ ಬಟ್ಟೆ ಚುಂಗು ಸೊಂಟಕ್ಕೆ ಸಿಕ್ಕಿಸ್ಕೊ," ಎನ್ನುತ್ತಾನೆ, ಗಾಲಿಯಿಂದ ಕಣ್ಣು ಕೀಳದೆ. ಹಿಂದೆ ಈ ಗಿರಣಿಯೇ ಎಲ್ಲಕ್ಕಿಂತ ಚುರುಕು. ಆಗ ಎಂಜಿನ್ನುಗಳು ಎರಡಿದ್ದವು, ಒಂದರ ಅಬ್ಬರದಲ್ಲಿ ಇನ್ನೊಂದು ಓಡುತ್ತಿದೆಯೋ ನಿಂತಿದೆಯೋ ಕಿವಿಗೆ ತಿಳಿಯುತ್ತಿರಲಿಲ್ಲ, ಗಾಲಿಗಳಿಗೆ ಗೀಟೂ ಇರಲಿಲ್ಲ. ನುಣುಪಾದ ಗಾಲಿ ಭರದಿಂದ ತಿರುಗುವಾಗ ನಿಂತಂತೆಯೇ ಕಾಣುತ್ತದೆ. ನಿಂತಿದೆಯೆಂದೇ ನಂಬಿ ಅವನ ಹೆಂಡತಿ ಅಫೂವಾ, ಅದರ ಬುಡದಲ್ಲಿ ಚೆಲ್ಲಿದ್ದ ಹಿಟ್ಟು ಬಾಚಲು ಬಗ್ಗಿದ್ದಳು.