ವೈದ್ಯರನ್ನೇ ಪರೀಕ್ಷಿಸುವ ಓಪಾ

ಸಮರ್ಕಂದದ ಹಳೇ ಕೇರಿಯಲ್ಲಿ ತಂದೂರಿನಿಂದ ಮೊದಲ ರೊಟ್ಟಿ ಇನ್ನೂ ಈಚೆ ಬಂದಿಲ್ಲ. ಓಯ್ದಿನ್ ಓಪಾ ಆಗಲೇ ನೀಲಿ ಬಾಗಿಲು ತಟ್ಟುತ್ತಿದ್ದಾರೆ. ಕೌದಿ ಹೊಲಿಯುವ ಬೆಹ್ರೂಜ್ ಕಣ್ಣುಜ್ಜಿಕೊಳ್ಳುತ್ತ ಬಂದು ತೆಗೆಯುತ್ತಾನೆ.

"ಮೊದಲು ಗುಳಿಗೆ, ಆಮೇಲೆ ಸಲಾಂ. ಎಲ್ಲಿ, ನಾಲಗೆ ಎತ್ತು. ಹೂಂ, ಕಳ್ಳ, ಇವತ್ತು ನಿಜವಾಗ್ಲೂ ನುಂಗಿದೀಯ!"

ಓಪಾ ಅಂದರೆ ಅಕ್ಕ, ಇಡೀ ಕೇರಿಗೇ ಅಕ್ಕ. ನಿವೃತ್ತ ದಾದಿ. ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುತ್ತಾರೆ, ಬಿಪಿ ನೋಡುತ್ತಾರೆ. ಆಸ್ಪತ್ರೆಯೆಂದರೆ ನಡುಗುವ ಕೆಲವು ಮನೆಗಳೂ ಅವರ ದಾರಿಯಲ್ಲಿವೆ. ಗಂಡಸು ಗಂಡಸಿನೊಡನೆ ಬಾಳಿದರೆ ಇಲ್ಲಿನ ಕಾನೂನು ಜೈಲಿಗೆ ಕಳಿಸುತ್ತದೆ. ಬೆಹ್ರೂಜ್ ಅಂಥವನು; ಅದಕ್ಕೇ ಅವನದು, ಓಪಾ ಅವರದು, ಇಬ್ಬರ ಹೆಸರನ್ನೂ ಬದಲಿಸಿದ್ದೇನೆ. ಅವನಂಥವನೇ ಆದ ಗೆಳೆಯನೊಬ್ಬ ಗಾಯ ತೋರಿಸಲು ಹೋದಾಗ ವೈದ್ಯರು ಪೊಲೀಸರನ್ನು ಕರೆಸಿದ್ದರು. ಅಲ್ಲಿಂದಾಚೆಗೆ ಬೆಹ್ರೂಜ್ ಜ್ವರ ಬಂದರೆ ಚಹಾ ಕುಡಿದು ಮಲಗಿದ. ಕೆಮ್ಮಿಗೆ ಹತ್ತಿಯ ದೂಳು ಕಾರಣವೆಂದುಕೊಂಡ. ಚಳಿಗಾಲದ ಹೊತ್ತಿಗೆ ಕರವಸ್ತ್ರದಲ್ಲಿ ರಕ್ತ.

ಪಕ್ಕದ ಮನೆಗೆ ಬಂದಿದ್ದ ಓಪಾ ಗೋಡೆಯಾಚೆಯ ಕೆಮ್ಮು ಕೇಳಿ ಸೀದಾ ಒಳಗೆ ನಡೆದರು. ಬೆಹ್ರೂಜ್ ಅವರ ಬಟ್ಟಲಿಗೆ ಅಂಚಿನವರೆಗೂ ಚಹಾ ಸುರಿದ. ನಮ್ಮ ಸಮರ್ಕಂದದಲ್ಲಿ ಬೇಕಾದವರು ಬಂದರೆ ಬಟ್ಟಲಿನ ತಳ ಮುಚ್ಚುವಷ್ಟೇ ಹಾಕಿ, ಮತ್ತೆ ಮತ್ತೆ ಬಗ್ಗಿಸುತ್ತ ಕೂರಿಸಿಕೊಳ್ಳುತ್ತೇವೆ. ತುಂಬಿದ ಬಟ್ಟಲೆಂದರೆ ಕುಡಿದು ಹೊರಡಿ ಎಂದು.

"ನಾನು ಗಟಗಟ ಕುಡಿದೆ. 'ಇನ್ನೊಂದು ಹಾಕು ಮಗಾ, ನಂಗೆ ನಾಚಿಕೆ ಕಮ್ಮಿ' ಅಂದೆ," ಎಂದು ಓಪಾ ನಗುತ್ತಾರೆ.

"ಎಷ್ಟು ಸುರಿದ್ರೂ ಕುಡೀತಾನೇ ಇದ್ರು!" ಎನ್ನುತ್ತಾನೆ ಬೆಹ್ರೂಜ್. "ಕೊನೆಗೆ ಚಹಾ ಖಾಲಿ, ನಂಗೆ ಅಳು. ಎಲ್ಲಾ ಹೇಳ್ಬಿಟ್ಟೆ."

ಓಪಾ ಅವನನ್ನು ತಕ್ಷಣ ಕರೆದೊಯ್ಯಲಿಲ್ಲ. ಮೊದಲು ತಾವೊಬ್ಬರೇ ಹೋಗಿ ವೈದ್ಯರನ್ನು ಪರೀಕ್ಷಿಸಿದರು. ಎಲ್ಲರ ವಿಷಯದಲ್ಲೂ ಅವರದು ಇದೇ ಕ್ರಮ. "'ನನ್ನ ತಂಗಿ ಮಗ, ಮದುವೆ ಆಗಿಲ್ಲ, ಕೆಮ್ತಾನೆ' ಅಂತೀನಿ. ಮದುವೆ ಯಾಕಾಗಿಲ್ಲ ಅಂದ್ರೋ, ಎದೆ ಮೇಲೆ ಕೈಯಿಟ್ಟು ಸಲಾಂ ಹೇಳಿ ಎದ್ದು ಬರ್ತೀನಿ. ಕೆಮ್ಮು ಯಾವಾಗಿಂದ ಅಂತ ಕೇಳಿದ್ರೆ, ಅವರೇ ನಮ್ಮ ಡಾಕ್ಟ್ರು."

ಹಾಗೆ ಕೇಳಿದ್ದು ಊರಂಚಿನ ಒಬ್ಬ ವೈದ್ಯೆ. ಕ್ಷಯ, ಆದರೆ ವಾಸಿಯಾಗುತ್ತದೆ ಎಂದರು. ಈಗ ರಕ್ತ ನಿಂತಿದೆ, ಕೆನ್ನೆ ತುಂಬಿಕೊಳ್ಳುತ್ತಿದೆ. ಗುಳಿಗೆ ಮಾತ್ರ ಒಂದು ದಿನವೂ ತಪ್ಪುವಂತಿಲ್ಲ. ಅದಕ್ಕೇ ಈ ಬೆಳಗಿನ ಕಾವಲು.

ನಿಮಗೇನು ಆಸೆ ಎಂದು ಓಪಾ ಅವರನ್ನು ಕೇಳುತ್ತೇನೆ.

"ಆ ಕಾನೂನು ಒಂದಿನ ಹೋಗುತ್ತೆ ಕಣಮ್ಮಾ. ಅವತ್ತು ಜೋರಾಗಿ ನಗೋಕೆ ಇವನ ಎದೆ ಗಟ್ಟಿ ಇರ್ಲಿ, ಅಷ್ಟೇ."

ಬಿಸಿ ರೊಟ್ಟಿ ಬರುತ್ತದೆ. ಬೆಹ್ರೂಜ್ ಚಹಾ ಬಗ್ಗಿಸುತ್ತಾನೆ. ಓಪಾ ಬಟ್ಟಲನ್ನು ನನ್ನತ್ತ ವಾಲಿಸಿ ತೋರಿಸುತ್ತಾರೆ. ತಳವಷ್ಟೇ ಮುಚ್ಚಿದೆ.

"ನೋಡಿದ್ಯಾ, ಎಂಥ ಜಿಪುಣ!" ಎನ್ನುತ್ತ ಕೌದಿಯ ಮೇಲೆ ಕಾಲು ಚಾಚಿ ಕೂರುತ್ತಾರೆ.