ಬೇಗ ಮಲಗಿ ಎಂದವರ ಮೇಲೆ ಅನುಮಾನ

ರಾತ್ರಿ ಬೇಗ ಮಲಗಬೇಕು ಎಂದು ನನಗೆ ಮೊದಲು ಹೇಳಿದವರು ಡಾಕ್ಟರು. ಆ ದಿನ ಮಧ್ಯಾಹ್ನ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದವನಿಗೆ ತಲೆ ತಿರುಗಿ, ಗಿರಾಕಿಯ ಎದುರೇ ಮೇಜಿಗೆ ಒರಗಿಬಿಟ್ಟಿದ್ದೆ. ಡಾಕ್ಟರು ಬಿಪಿ ನೋಡಿದರು. ಹತ್ತು ಗಂಟೆಯೊಳಗೆ ಹಾಸಿಗೆ ಸೇರಿದರೆ ಅರ್ಧ ಕಾಯಿಲೆ ತಾನಾಗಿಯೇ ಹೋಗುತ್ತದೆ ಎಂದು ಮರಾಠಿಯಲ್ಲಿ ಹೇಳಿದರು. ಮನೆಗೆ ಬಂದರೆ ಹೆಂಡತಿ ಅದನ್ನೇ ಕನ್ನಡದಲ್ಲಿ ಹೇಳಿದಳು. ಸಂಜೆ ಮಗನೂ ಹೇಳಿದ. ಕಾಲು ಕಾಯಿಲೆ ಎನ್ನಬಹುದಿತ್ತು, ಮುಕ್ಕಾಲು ಎನ್ನಬಹುದಿತ್ತು. ಮೂವರೂ ಅರ್ಧ ಎಂದೇ ಹೇಳಿದ್ದರಿಂದ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ನಮ್ಮದು ಸ್ವಾರಗೇಟ್ ಬಸ್ ನಿಲ್ದಾಣದ ಹತ್ತಿರದ ಹೋಟೆಲು. ದಕ್ಷಿಣದ ಕಡೆಗೆ ಹೋಗುವ ರಾತ್ರಿ ಬಸ್ಸಿನವರೆಲ್ಲ ಉಂಡು ಎದ್ದ ಮೇಲೆಯೇ ನಾವು ಶಟರ್ ಎಳೆಯುವುದು. ಕರಾವಳಿಯಿಂದ ಬಂದ ನಮ್ಮಂಥ ಹೋಟೆಲಿನವರಲ್ಲಿ ಬೆಳಿಗ್ಗೆ ಬಾಗಿಲು ಯಾರು ಬೇಕಾದರೂ ತೆಗೆಯಬಹುದು. ಆದರೆ ರಾತ್ರಿ ದೇವರ ಪಟಕ್ಕೆ ಕೈಮುಗಿದು ಬೀಗ ಹಾಕುವವನೇ ಯಜಮಾನ. ನಾನು ಲೋಟ ತೊಳೆಯಲು ಸೇರಿದ್ದ ಹೋಟೆಲಿನಲ್ಲಿ ಬೀಗದ ಕೈ ಯಜಮಾನರ ಸೊಂಟದಿಂದ ಅಳಿಯನ ಜೇಬಿಗೆ ಹೋಯಿತು. ಆ ತಿಂಗಳಿನಿಂದ ಅಡುಗೆಯವರು ಕೂಡ ಅವರನ್ನು ಕೇಳದೆ ಸಾಂಬಾರಿನ ರುಚಿ ಬದಲಿಸಿದರು. ಹಾಗಾಗಿ 'ಬೇಗ ಮಲಗಿ' ಎಂದರೆ ನನಗೆ ಕೇಳಿಸಿದ್ದು 'ಕುರ್ಚಿ ಬಿಡಿ' ಎಂದು. ಡಾಕ್ಟರನ್ನೂ ನಂಬುವ ಹಾಗಿರಲಿಲ್ಲ. ಅವರು ಭಾನುವಾರ ಸಂಸಾರ ಸಮೇತ ನಮ್ಮಲ್ಲಿಗೇ ದೋಸೆ ತಿನ್ನಲು ಬರುತ್ತಾರೆ, ಮಗ ಅವರ ಮೇಜಿಗೆ ಕೇಳುವ ಮೊದಲೇ ಇನ್ನೊಮ್ಮೆ ಚಟ್ನಿ ಕಳಿಸುತ್ತಾನೆ.

"ಬೀಗ ನಾನು ಹಾಕ್ತೇನೆ ಅಪ್ಪ. ನೀವು ಊಟ ಮಾಡಿ ಮಲಗಿ," ಎಂದ ಮಗ.

"ಯಾರು ಹೇಳಿಕೊಟ್ಟದ್ದು ನಿನಗೆ?"

"ಹೇಳಿಕೊಡ್ಲಿಕ್ಕೆ ಎಂತ ಉಂಟು ಇದ್ರಲ್ಲಿ?"

ಹೆಂಡತಿ ಅಡುಗೆಮನೆಯಿಂದಲೇ, "ನಿಮಗೆ ಮಲಗ್ಲಿಕ್ಕೂ ಸಾಕ್ಷಿ ಬೇಕಾ ಮಾರಾಯ್ರೆ?" ಎಂದಳು.

ಕೊನೆಗೆ ಬೀಗದ ಕೈ ಕೊಟ್ಟೆ. ಕೊಡುವ ಮೊದಲು ಎರಡು ಸಲ ವಾಪಸು ಜೇಬಿಗೇ ಹಾಕಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಮೊದಮೊದಲು ಕಣ್ಣು ಮುಚ್ಚಿಕೊಂಡು ಸುಮ್ಮನೆ ಬಿದ್ದಿರುತ್ತಿದ್ದೆ. ಆಮೇಲೆ ನನ್ನ ಮೈಯೇ ಅವರ ಪಕ್ಷ ಸೇರಿತು. ಅಲಾರಂ ಇಲ್ಲದೆ ಬೆಳಿಗ್ಗೆ ಎಚ್ಚರವಾಗತೊಡಗಿತು. ತಲೆಭಾರ ಹೋಯಿತು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದುದರಿಂದ ಎದೆಯುರಿಯೂ ನಿಂತಿತು. ಕೆಲಸದವರ ಮೇಲೆ ರೇಗುವುದು ಎಷ್ಟು ಕಡಿಮೆಯಾಯಿತೆಂದರೆ, ಯಜಮಾನರಿಗೆ ಏನೋ ದೊಡ್ಡ ಕಾಯಿಲೆಯೇ ಇರಬೇಕು ಎಂದು ಅವರು ಮಾತಾಡಿಕೊಂಡರು. ಬಿಪಿ ಇಳಿದಿದೆ ಎಂದು ಡಾಕ್ಟರು ಹೇಳಿದಾಗ, ಮಷೀನು ಸರಿ ಇದೆಯೇ ಎಂದು ಕೇಳಿದೆ. ಅವರು ನಕ್ಕರು. ನಾನು ನಗದೆ ಬೇರೆ ಕಡೆ ಹೋಗಿ ಇನ್ನೊಮ್ಮೆ ನೋಡಿಸಿದೆ, ಅಲ್ಲಿಯೂ ಇಳಿದಿತ್ತು.

ಮಗನ ಮೇಲಿನ ಅನುಮಾನ ಮಾತ್ರ ಇಳಿಯಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬೀಗದ ಕೈ ನಾನು ಅಂಗಿ ತೂಗುಹಾಕುವ ಮೊಳೆಯಲ್ಲೇ ಇರುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ಇಷ್ಟು ಸಲೀಸಾಗಿ ಯಾರು ವಾಪಸು ಕೊಡುತ್ತಾರೆ? ಇನ್ನೊಂದು ಮಾಡಿಸಿ ಇಟ್ಟುಕೊಂಡಿದ್ದಾನೆ ಎಂದುಕೊಂಡೆ. ಒಂದು ಬೆಳಿಗ್ಗೆ ಕೇಳಿಯೇ ಬಿಡೋಣ ಎಂದು ಅವನು ಏಳುವುದನ್ನೇ ಕಾಯುತ್ತ ಕೂತೆ.

ಅವನು ಎದ್ದು ಬಂದು ಚಹಾದ ಲೋಟ ಹಿಡಿದುಕೊಂಡು ನನ್ನೆದುರು ಕೂತ. ಕಣ್ಣು ಕೆಂಪಾಗಿತ್ತು. ಎರಡು ಬೆರಳಿನಿಂದ ಹಣೆ ಒತ್ತಿಕೊಳ್ಳುತ್ತಿದ್ದ. ಚಹಾ ಆರಿಹೋಗಿದೆ ಎಂದು ಸೊಸೆಯ ಮೇಲೆ ಸಿಡುಕಿದ. ಲೋಟದಿಂದ ಇನ್ನೂ ಹಬೆ ಏಳುತ್ತಿತ್ತು. ಆಮೇಲೆ, ಎದೆಯುರಿಯ ಮಾತ್ರೆ ಎಲ್ಲಿಟ್ಟಿದ್ದೀರಿ ಎಂದು ತಾಯಿಯನ್ನು ಕೇಳಿದ.

"ತಲೆನೋವಾ?" ಎಂದೆ.

"ಸ್ವಲ್ಪ ಭಾರ ಅಷ್ಟೆ. ನನಗೆ ಎಂತ ಆಗುದಿಲ್ಲ ಅಪ್ಪ."

ಇದು ನನ್ನ ಮಾತು. ಇಷ್ಟು ವರ್ಷ ಹೆಂಡತಿಗೆ ನಾನು ಹೇಳುತ್ತ ಬಂದದ್ದು ಇದನ್ನೇ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನನ್ನಲ್ಲ, ನನ್ನನ್ನು ನೋಡುತ್ತಿದ್ದಳು. ನನ್ನಿಂದ ಹೋದ ಅರ್ಧ ಕಾಯಿಲೆ ಎಲ್ಲಿಗೆ ಹೋಯಿತು ಎಂದು ನನಗೆ ಆಗ ಗೊತ್ತಾಯಿತು. ಹೆದರಿಕೆಯಾಯಿತು. ಬೀಗದ ಕೈಯ ವಿಷಯ ಬಿಟ್ಟುಬಿಟ್ಟೆ.

"ಇನ್ನು ಮೇಲೆ ರಾತ್ರಿ ಒಂಬತ್ತಕ್ಕೇ ಬೀಗ ಹಾಕುವ," ಎಂದೆ.

"ಬಸ್ಸಿನ ಗಿರಾಕಿಗಳು?"

"ಬೇರೆ ಕಡೆ ಉಣ್ಲಿ."

ಜ್ವರ ಬಂದಾಗಲೂ ಬಸ್ಸಿನ ಗಿರಾಕಿಗಳನ್ನು ಬಿಟ್ಟವನಲ್ಲ ನಾನು. ಅದು ಅವನಿಗೆ ಗೊತ್ತು. ಲೋಟ ಕೆಳಗಿಟ್ಟು ನನ್ನ ಮುಖವನ್ನೇ ದಿಟ್ಟಿಸಿದ.

"ಹೋಟೆಲು ಯಾರಿಗಾದ್ರೂ ಕೊಡ್ಲಿಕ್ಕೆ ಮಾತಾಡಿದ್ದೀರಾ ಅಪ್ಪ?"

"ಇಲ್ಲ ಮಾರಾಯ. ನೀನು ಸ್ವಲ್ಪ ಬೇಗ ಮಲಗು ಅಂತ."

ಅವನು ತಾಯಿಯ ಕಡೆಗೊಮ್ಮೆ ನೋಡಿದ, ಮತ್ತೆ ನನ್ನ ಕಡೆಗೆ ತಿರುಗಿದ.

"ಯಾರು ಹೇಳಿಕೊಟ್ಟದ್ದು ನಿಮಗೆ?" ಎಂದು ಕೇಳಿದ.