ನಾಲ್ಕಿಂಚಿನ ಗೋಡೆ, ಎರಡು ಜೊತೆ ಸ್ಪೀಕರು

ನಮ್ಮನೆಯವರೂ ಅವರ ಅಣ್ಣನೂ ಹಿಂದೊಮ್ಮೆ ಹೊಡೆದಾಡಿದ್ದು ಜಮೀನು ಭಾಗವಾದ ವರ್ಷ. ಅವತ್ತು ನಮ್ಮನೆಯವರು ಹೆಲ್ಮೆಟ್ಟಿನಲ್ಲಿ ಬೀಸಿದ ಏಟಿಗೆ ಭಾವನವರ ಹುಬ್ಬಿನ ಮೇಲೆ ಆರು ಹೊಲಿಗೆ ಬಿತ್ತು. ಭಾವನವರು ತಿರುಚಿದ ಕಿರುಬೆರಳು ಇವರಿಗೆ ಇವತ್ತಿಗೂ ನೆಟ್ಟಗಾಗಿಲ್ಲ. ಅಂಗಳದ ರಕ್ತಕ್ಕೆ ನೀರು ಸುರಿದು ಪೊರಕೆಯಲ್ಲಿ ಉಜ್ಜುತ್ತಾ ನನ್ನ ಓರಗಿತ್ತಿ ಹೇಳಿದ್ದಳು. ಭಾವನವರ ಹೆಂಡತಿ ಅವಳು, ನಾನು ಅಕ್ಕ ಅಂತ ಕರೆಯುವವಳು.

"ಇನ್ನೊಂದ್ ಕಿತ ಇಂಗಾದ್ರೆ ಒಂದ್ ಎಣ ಬೀಳ್ತದೆ ಕಣೆ. ಇಬ್ರಲ್ಲಿ ಯಾರ್ದಾದ್ರೂ."

ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸಂಸಾರ ಮಾಡಿಕೊಂಡು ಬಂದೆ. ಹಬ್ಬಕ್ಕೆ ಒಬ್ಬಟ್ಟು ಕಳಿಸುವುದು, ಅವರ ಮನೆಯ ನೀರಿನ ಮೋಟಾರು ಕೆಟ್ಟರೆ ನಮ್ಮ ಪೈಪು ಕೊಡುವುದು, ಇಬ್ಬರೂ ಒಂದೇ ಹೊತ್ತಿಗೆ ಗೇಟಿನ ಹತ್ತಿರ ಬರದಂತೆ ಏನಾದರೂ ನೆಪ ಹೇಳಿ ಒಬ್ಬರನ್ನು ತಡೆಯುವುದು. ಅವರ ಕೈ ಮತ್ತೆ ಏಳದಿದ್ದರೆ ಸಾಕಾಗಿತ್ತು ನನಗೆ.

ಅಟ್ಟೂರಿನಲ್ಲಿ ನಮ್ಮ ಕಡೆಯವರೆಲ್ಲ ಮಾಡುವಂತೆಯೇ ನಾವೂ ಮಾಡಿದ್ದೆವು. ಇಬ್ಬರೂ ಸೇರಿ ಕಟ್ಟಿಸಿದ ಕಟ್ಟಡದಲ್ಲಿ ಗಾಳಿ ಬೆಳಕಿರುವ ಮನೆಗಳೆಲ್ಲ ಬಾಡಿಗೆಯವರಿಗೆ, ಉಳಿದ ಕಿಷ್ಕಿಂಧೆ ನಮಗೆ. ಮೊದಲ ಮಹಡಿಯಲ್ಲಿ ಅಣ್ಣನದೊಂದು ಮನೆ, ತಮ್ಮನದೊಂದು, ನಡುವೆ ಒಂದೇ ಗೋಡೆ. ಅದು ಎಂಟಿಂಚಿನ ಸಾಲಿಡ್ ಬ್ಲಾಕಿನ ಗೋಡೆಯಾಗಬೇಕು ಅಂತ ಹಿರಿಯರ ಮುಂದೆ ಕೂತು ಮಾತಾಗಿತ್ತು. ಆ ಮಹಡಿ ಏಳುವಾಗ ಇವರು ಚಿಕ್ಕಬಾಣಾವರದ ಕಡೆ ಬೇರೊಬ್ಬರ ಮನೆ ಕಟ್ಟಿಸುವ ಗುತ್ತಿಗೆ ಹಿಡಿದಿದ್ದರಿಂದ ನಿಂತು ಕಟ್ಟಿಸಿದವರು ಭಾವನವರು.

ಇವರಿಗೆ ಸ್ಪೀಕರಿನ ಹುಚ್ಚು ಹತ್ತಿದ್ದು ಐವತ್ತು ದಾಟಿದ ಮೇಲೆ. ತಾವೇ ಕಟ್ಟಿಸಿಕೊಟ್ಟ ಒಂದು ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಾಗ ಆ ಮನೆಯವರು ಕೂರಿಸಿ ಕೇಳಿಸಿದರಂತೆ. ಬಂದವರೇ ನಮ್ಮ ಟೀವಿಯ ದನಿಯನ್ನು "ತಗಡು ಬಡಿದಂಗದೆ" ಅಂದು ಆರಿಸಿಬಿಟ್ಟರು. ಎರಡು ತಿಂಗಳು ಮೊಬೈಲಿನಲ್ಲಿ ಅದೇ ನೋಡಿದ್ದು. ಕೊನೆಗೊಂದು ಶುಕ್ರವಾರ ನನ್ನನ್ನೂ ಸಹಕಾರನಗರದ ಅಂಗಡಿಗೆ ಕರೆದುಕೊಂಡು ಹೋದರು.

ಅಂಗಡಿಯಾತ ನಿಧಾನದ ಮನುಷ್ಯ. ನಮ್ಮಿಬ್ಬರನ್ನೂ ನಡುವಿನ ಸೋಫಾದಲ್ಲಿ ಕೂರಿಸಿ ಎರಡು ಜೊತೆ ಕೇಳಿಸಿದ. ಮೊದಲನೆಯದು ದೊಡ್ಡದು. ಹಿಂಬದಿಯಲ್ಲಿ ನಿಂಬೆಹಣ್ಣು ಹೋಗುವಷ್ಟು ತೂತು. ತಮಟೆ ಬಿದ್ದಾಗ ನನ್ನ ಎದೆಗೇ ಯಾರೋ ಗುದ್ದಿದಂತಾಗಿ ಸೆರಗು ಹಿಡಿದುಕೊಂಡೆ. ಇವರ ಮುಖ ಅರಳಿತು. ಎರಡನೆಯದು ಚಿಕ್ಕದು, ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ. ಅದರಲ್ಲಿ ತಮಟೆಗಿಂತ ಮುಂಚೆ ತಮಟೆಯವನು ಉಸಿರೆಳೆದುಕೊಂಡದ್ದು ಕೇಳಿಸಿತು.

"ಅಮ್ಮ, ನಿಮ್ಮ ಹಾಲ್ ಚಿಕ್ಕದು ಅಂತೀರ," ಅಂದ ಆತ. "ದೊಡ್ಡದಕ್ಕೆ ಹಿಂದ್ಗಡೆ ಗೋಡೆಯಿಂದ ಒಂದೂವರೆ ಅಡಿ ಜಾಗ ಬೇಕು. ಇಲ್ಲಾಂದ್ರೆ ಗುಮ್ ಗುಮ್ ಅಂತ ಗೋಡೆನೇ ಹೊಡ್ಕೊಳ್ಳುತ್ತೆ. ಚಿಕ್ಕದನ್ನ ಗೋಡೆಗೆ ಒತ್ತಿಟ್ರೂ ತೊಂದ್ರೆ ಇಲ್ಲ."

"ಜಾಗ ಇಲ್ದಿದ್ರೆ ಗೋಡೇಲಿ ಗೂಡು ಹೊಡೆದ್ರಾಯ್ತು," ಅಂದರು ಇವರು. "ಹಳೇ ಮನೇಲಿ ದೀಪ ಇಡಕ್ಕೆ ಇರ್ತಿರ್ಲಿಲ್ವಾ? ಹಂಗೆ."

"ಸಾರ್, ಗೂಡಲ್ಲಿಟ್ರೆ ಬಾಯಿಗೆ ಬಟ್ಟೆ ತುರುಕಿ ಹಾಡಿಸಿದಂಗೆ."

"ನೀವು ಸ್ಪೀಕರ್ ಮಾರೋರು. ಗೋಡೆ ನಂಗ್ ಗೊತ್ತು ಬಿಡಿ."

ಮನೆಯಲ್ಲಿ ಕೇಳಿ ನೋಡಿ ಅಂತ ಆತ ಎರಡೂ ಜೊತೆಯನ್ನು ಮೂರು ದಿನಕ್ಕೆ ಕಳಿಸಿಕೊಟ್ಟ.

ಶನಿವಾರ ಸಂಜೆ ಇವರು ದೊಡ್ಡದನ್ನು ಹಚ್ಚಿದರು. ಆತ ಹೇಳಿದ ಹಾಗೆಯೇ ಆಯಿತು. ಅಡುಗೆಮನೆಯ ಸ್ಟೀಲ್ ತಟ್ಟೆಗಳು ನಡುಗಿದವು. ಎರಡನೇ ಹಾಡಿಗೆ ಆ ಕಡೆಯಿಂದ ಗೋಡೆಗೆ ದಬದಬ ಗುದ್ದು ಬಿತ್ತು. ಇವರು ಇನ್ನೊಂದಿಷ್ಟು ಜೋರು ಮಾಡಿದರು. ಈ ಸಲ ಗುದ್ದಿದ್ದು ಕೈಯಲ್ಲ, ಒನಕೆಯೋ ಕೋಲೋ. ನಮ್ಮ ಕ್ಯಾಲೆಂಡರು ಮೊಳೆ ಸಮೇತ ಬಿತ್ತು. ನಾನು ಹೋಗಿ ಸ್ವಿಚ್ ಆರಿಸಿ ಅದರ ಮುಂದೆಯೇ ನಿಂತುಕೊಂಡೆ.

"ಚಿಕ್ಕದನ್ನೇ ಇಟ್ಕೊಳ್ಳೋಣ ಕಣ್ರೀ. ನಂಗೆ ಅದೇ ಚೆನ್ನಾಗ್ ಕೇಳ್ಸುತ್ತೆ."

"ಅವನಿಗೆ ಹೆದ್ರಿ ಚಿಕ್ಕದಾ? ನನ್ ಗೋಡೆ ಇದು. ಎಂಟಿಂಚಿದೆ. ಐದಿಂಚು ಒಳಗೆ ತಗೊಂಡ್ರೆ ಜಾಗ ಆಯ್ತದೆ, ಅವನಿಗೂ ಗೊತ್ತಾಗಲ್ಲ."

ಭಾನುವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದೆ. ಇವರು ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಚೌಕ ಬರೆದು ಉಳಿ, ಸುತ್ತಿಗೆ ತಂದರು. ಬೇಡ ಅಂದೆ. ಸೌಟು ಹಿಡಿದುಕೊಂಡೇ ಬಂದು ಇನ್ನೊಮ್ಮೆ ಬೇಡ ಅಂದೆ. ಪ್ಲಾಸ್ಟರು ಎದ್ದಿತು. ನಾಲ್ಕು ಏಟು, ಐದು ಏಟು. ಆರನೆಯದಕ್ಕೆ ಉಳಿ ಹಿಡಿಯವರೆಗೂ ಒಳಗೆ ಹೋಯಿತು. ಅದನ್ನು ಮೀಟಿದ್ದೇ ತಡ, ಬ್ಲಾಕಿನ ಅರ್ಧ ಭಾಗ ಆ ಕಡೆಗೇ ಕಳಚಿ ಬಿತ್ತು. ಗಾಜು ಚೂರಾದ ಸದ್ದು, ಹಿತ್ತಾಳೆ ಉರುಳಿದ ಸದ್ದು, ಅಕ್ಕನ ಕಿರುಚು. ತೂತಿನಲ್ಲಿ ಊದುಬತ್ತಿಯ ಹೊಗೆ ಕಾಣಿಸಿತು. ಗೋಡೆಯ ಆ ಬದಿ ಅವರ ದೇವರ ಸ್ಟ್ಯಾಂಡಿತ್ತು.

ಇವರು ಒಡೆದ ಅಂಚಿಗೆ ಬೆರಳಿಟ್ಟು ಅಳೆದರು. "ನಾಲ್ಕಿಂಚು," ಅಂದರು. ಮುಖ ಸುಣ್ಣದ ಬಣ್ಣಕ್ಕೆ ತಿರುಗಿತು. "ನಾಲ್ಕೇ ಇಂಚು ಕಣೇ!"

ಅಷ್ಟರಲ್ಲಿ ಭಾವನವರು ಮುಂಬಾಗಿಲು ಒದ್ದುಕೊಂಡು ಒಳಗೆ ಬಂದರು. ಒದ್ದೆ ಪಂಚೆ, ಹಣೆಯ ಮೇಲೆ ಆಗಷ್ಟೇ ಇಟ್ಟ ವಿಭೂತಿ, ಕೈಯಲ್ಲಿ ಎಳನೀರು ಕೊಚ್ಚುವ ಮಚ್ಚು.

"ಅಪ್ಪನ್ ಫೋಟೋ ಮ್ಯಾಲೆ ಕಲ್ಲ್ ಆಕ್ತೀಯೇನ್ಲಾ! ಸತ್ತೋನ್ನೂ ಬುಡಲ್ವಾ ನೀನು?"

"ನೀನ್ ಕಟ್ಸಿದ್ ಗೋಡೆ ನೋಡು ಬಾ! ಎಂಟಿಂಚು ಅಂತ ಹಿರಿಯರ ಮುಂದೆ ಒಪ್ಕೊಂಡು ನಾಲ್ಕಿಂಚು ಕಟ್ಟಿದ್ಯಲ್ಲೋ ಕಳ್ಳ!"

ಕಳ್ಳ ಅನ್ನುವ ಮಾತು ಬಾಯಿಂದ ಪೂರ್ತಿ ಬಂತೋ ಇಲ್ಲವೋ, ಭಾವನವರು ಸ್ಪೀಕರಿಗೆ ಒದ್ದರು. ಅದು ಸ್ಟ್ಯಾಂಡಿನಿಂದ ಹಾರಿ ಮೂತಿ ಅಡಿಯಾಗಿ ಬಿತ್ತು. ಮಚ್ಚನ್ನು ತಿರುಗಿಸಿ ಅದರ ಬೆನ್ನಿನಿಂದ ಇವರ ಹೆಗಲಿಗೆ ಬಾರಿಸಿದರು. ಇವರು ಗೋಡೆಗೆ ಹೋಗಿ ಬಿದ್ದು ಅಲ್ಲಿಂದಲೇ ಪುಟಿದು, ಭಾವನವರ ಗಂಟಲು ಹಿಡಿದು ಸೋಫಾದ ಮೇಲೆ ಕೆಡವಿದರು. ಹತ್ತಡಿಯ ಹಾಲಿನಲ್ಲಿ ಇಬ್ಬರು ಗಂಡಸರು ಬಿದ್ದು ಎದ್ದು ಹೊರಳಾಡಿದರೆ ಮೂರನೆಯವರು ನಿಲ್ಲುವುದಕ್ಕೂ ಜಾಗವಿರುವುದಿಲ್ಲ. ಭಾವನವರ ಹಳೇ ಹೊಲಿಗೆಯ ಗುರುತಿನ ಮೇಲೇ ಇವರ ಕಣ್ಣು ನೆಟ್ಟದ್ದು ಕಂಡಿತು, ಸುತ್ತಿಗೆ ಮೇಲಕ್ಕೆದ್ದದ್ದೂ ಕಂಡಿತು. ನಾನು ಯೋಚನೆ ಮಾಡಿ ಕೈ ಒಡ್ಡಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೈ ತಾನೇ ಹೋಯಿತು.

ಮಣಿಕಟ್ಟಿನಲ್ಲಿ ಹಸಿ ಕಬ್ಬು ಮುರಿದಂಥ ಸದ್ದು.

ನಾನು ಕೂಗಿಕೊಂಡ ದನಿ ತೂತಿನಾಚೆ ಅಕ್ಕನಿಗೂ ಕೇಳಿಸಿತು. ಭಾವನವರು ನಿಧಾನಕ್ಕೆ ಎದ್ದು ಕೂತು ಮಚ್ಚನ್ನು ಬಾಗಿಲಾಚೆಗೆ ಎಸೆದರು. ತುಟಿ ಒಡೆದು ರಕ್ತ ಎದೆಗೆ ಇಳಿಯುತ್ತಿತ್ತು.

"ಕದ್ದಿಲ್ಲ ಕಣ್ಲಾ," ಅಂದರು. "ಎಂಟಿಂಚು ಕಟ್ಟಿದ್ರೆ ನಿನ್ ಹಾಲು ಇಲಿ ಬಿಲ ಆಗೋದು. ನಾಲ್ಕಿಂಚು ನಿಂಗೇ ಬುಟ್ಟಿದ್ದೆ."

ನ್ಯೂಟೌನಿನ ಆಸ್ಪತ್ರೆಗೆ ಭಾವನವರ ಕಾರಿನಲ್ಲೇ ಹೋದೆವು. ದಾರಿಯುದ್ದಕ್ಕೂ ಅಣ್ಣನ ಕಣ್ಣು ರಸ್ತೆಯ ಮೇಲೆ, ತಮ್ಮನದು ಕಿಟಕಿಯಾಚೆ. ಜಾರಿ ಬಿದ್ದೆ ಅಂತ ನಾನೇ ಬರೆಸಿದೆ. ಡಾಕ್ಟರಮ್ಮ ಇಬ್ಬರ ಮೈಮೇಲಿನ ರಕ್ತವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಎಲ್ರೂ ಒಟ್ಟಿಗೇ ಜಾರಿದ್ರಾ?" ಅಂದಳು.

ಮಾರನೇ ದಿನ ಇವರು ಇಲ್ಲದಾಗ ಎಡಗೈಯಲ್ಲೇ ಟೇಪು ಹಿಡಿದು ಹಾಲನ್ನು ಅಳೆದೆ. ನಕ್ಷೆಯಲ್ಲಿ ಹತ್ತಡಿ, ನೆಲದ ಮೇಲೆ ಹತ್ತಡಿ ನಾಲ್ಕಿಂಚು. ಬಂದ ಮೇಲೆ ಹೇಳಿದೆ. ಅವರು ಇನ್ನೊಮ್ಮೆ ತಾವೇ ಅಳೆದರು. ಭಾವನವರ ಬಾಗಿಲಿಗೆ ಹೋಗುತ್ತಾರೇನೋ ಅಂತ ಕಾದೆ. ಎರಡು ದಿನದ ಮೇಲೆ ಮೇಸ್ತ್ರಿಯನ್ನು ಕರೆಸಿ, ಇದ್ದ ಗೋಡೆಯ ತೂತು ಮುಚ್ಚಿಸಿ, ನಮ್ಮ ಕಡೆಗೆ ಇನ್ನೊಂದು ನಾಲ್ಕಿಂಚಿನ ಗೋಡೆ ಏಳಿಸಿಬಿಟ್ಟರು.

"ಅವನು ಬಿಟ್ಕೊಟ್ಟ ಜಾಗ ನಂಗ್ ಬೇಡ."

"ಅಣ್ಣ ಕೊಟ್ಟಿದ್ದಲ್ವೇನ್ರೀ?"

"ಅದಕ್ಕೇ ಬೇಡ."

ಹಾಲು ಹತ್ತಡಿಯಾಯಿತು. ಮೂತಿ ಹರಿದ ದೊಡ್ಡ ಸ್ಪೀಕರಿಗೆ ದಂಡ ತೆತ್ತು ವಾಪಸ್ಸು ಕಳಿಸಿ, ಗೋಡೆಗೆ ಒತ್ತಿಕೊಂಡೇ ನಿಲ್ಲುವ ಚಿಕ್ಕದನ್ನು ಇಟ್ಟುಕೊಂಡೆವು. ಆಯ್ಕೆ ನನ್ನದೇ ಆಯಿತು ಅನ್ನಬಹುದು.

ಆ ವಾರ ಗಂಡಸರು ಕೆಲಸಕ್ಕೆ ಹೋದ ಹೊತ್ತು ನೋಡಿ ಅಕ್ಕ ಎರಡೂ ಮನೆಗೆ ಸೇರಿದ ತಾರಸಿ ದಾಟಿ, ನಮ್ಮ ಕಡೆಯ ಬಾಗಿಲಿನಿಂದ ಇಳಿದು ಬಂದಳು. ಕೈ ಬ್ಯಾಂಡೇಜಿನಲ್ಲಿದ್ದುದರಿಂದ ನನಗೆ ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಸಿಕ್ಕು ಬಿಡಿಸುತ್ತಾ ಸ್ಪೀಕರನ್ನು ನೋಡಿದಳು.

"ಇದಕ್ಕಾ ಒಡ್ದಾಡಿದ್ದು? ಅಕ್ಕಿ ಡಬ್ಬದಷ್ಟಿಲ್ಲ. ಆಕು, ಕೇಳಾನ."

ಹಾಕಿದೆ. ಒಂದು ಹಾಡು ಪೂರ್ತಿ ಸುಮ್ಮನೆ ಕೇಳಿದಳು. ಆಮೇಲೆ, "ಜೋರಾಗ್ ಇಡು. ನಾನ್ ಆ ಕಡೆ ಓಗಿ ಕೇಳ್ತೀನಿ, ಬತ್ತದಾ ಅಂತ," ಅಂದು ಹೋದಳು. ಸ್ವಲ್ಪ ಹೊತ್ತಿಗೆ ಫೋನು ಬಂತು.

"ಏನೂ ಕೇಳಕಿಲ್ಲ ಕಣೆ. ನಿಲ್ಸಿ, ನೀನೇ ಒಂದ್ ಕಿತ ಕೂಗು."

"ಏನಂತ ಕೂಗ್ಲಿ?"

"ಅವತ್ತು ಕೂಗಿದಂಗೆ."

ಫೋನನ್ನು ಸೋಫಾದ ದಿಂಬಿನಡಿ ಮುಚ್ಚಿಟ್ಟು, ಹೊಸ ಗೋಡೆಯ ಹತ್ತಿರ ನಿಂತು ಗಂಟಲು ಹರಿಯುವಷ್ಟು ಕೂಗಿದೆ. ಪ್ಲಾಸ್ಟರಿನ್ನೂ ಹಸಿಯಿತ್ತು. ಫೋನು ತೆಗೆದು ಕಿವಿಗಿಟ್ಟೆ.

"ಕೂಗಿದ್ಯಾ?" ಅಂದಳು ಅಕ್ಕ.

"ಕೂಗ್ದೆ."

"ಅಂಗಾದ್ರೆ ತಾರಸಿ ಬಾಗ್ಲಿಗೆ ಚಿಲ್ಕ ಆಕ್ಬ್ಯಾಡ," ಅಂದಳು. "ನಾನೂ ಆಕಕಿಲ್ಲ."